ಶಾಲೆ ತೆರೆದ ಮೇಲೆ ಅವರು ಎಲ್ಲಿಗೆ ಹೋಗಬೇಕು?



ಇವತ್ತು ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಮಾತಾಡೋಣ. ಹೊಳೆ ಬಂತು, ಮನೆ ಬಿತ್ತು. ಮನೆಮಂದಿಯನ್ನೆಲ್ಲ ದೋಣಿಯಲ್ಲೋ ಟ್ರ್ಯಾಕ್ಟರ್‌ನಲ್ಲೋ ಕರೆತಂದು ಸರ್ಕಾರಿ ಶಾಲೆಯಲ್ಲಿ ಇಳಿಸಿದರು. ಚಾಪೆ ಕೊಟ್ಟರು, ಕಂಬಳಿ ಕೊಟ್ಟರು, ಬಿಸಿ ಅನ್ನ ಸಾರು ಬಡಿಸಿದರು. ಮಂತ್ರಿಗಳು ಬಂದು ಸಮಾಧಾನ ಹೇಳಿದರು. ಎಲ್ಲಾ ಸರಿ. ಹದಿನೈದು ದಿನಕ್ಕೆ ನೀರು ಇಳಿಯಿತು. ಶಾಲೆ ತೆರೀಬೇಕು, ಮಕ್ಕಳು ಬರಬೇಕು. ಅವತ್ತು ಆ ಕುಟುಂಬ ಎಲ್ಲಿಗೆ ಹೋಗಬೇಕು ಹೇಳಿ?

ಹಳೇ ಮನೆಗೆ ಹೋಗೋ ಹಾಗಿಲ್ಲ, ಗೋಡೆ ಕೂತಿದೆ. ಹೊಸ ಮನೆ ಇನ್ನೂ ಕಾಗದದ ಮೇಲಿದೆ. ಈ ಎರಡರ ನಡುವೆ ಇರೋ ಕಾಲಕ್ಕೆ ನಮ್ಮಲ್ಲಿ ಸರಿಯಾದ ಹೆಸರೂ ಇಲ್ಲ, ಸರಿಯಾದ ಯೋಜನೆಯೂ ಇಲ್ಲ.

ಕೊಡಗನ್ನೇ ತಗೊಳ್ಳಿ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಮುಕ್ಕೊಡ್ಲು, ಜೋಡುಪಾಲ, ಮದೆನಾಡು ಕಡೆ ಗುಡ್ಡಗಳೇ ಜಾರಿ ಬಂದವು. ಮನೆಯಷ್ಟೇ ಅಲ್ಲ, ಮನೆ ನಿಂತಿದ್ದ ನೆಲವೇ ಹೋಯಿತು. ಸರ್ಕಾರ ಒಳ್ಳೇ ಮನೆಗಳನ್ನೇ ಕಟ್ಟಿಸಿತು, ಇಲ್ಲ ಅನ್ನಲ್ಲ. ಎರಡು ಮಲಗುವ ಕೋಣೆ, ಒಂದೊಂದಕ್ಕೆ 9.85 ಲಕ್ಷ ರೂಪಾಯಿ ಖರ್ಚು. ಆದರೆ ಜಂಬೂರು ಮತ್ತು ಮದೆನಾಡಿನ ಬಡಾವಣೆಗಳಲ್ಲಿ ಫಲಾನುಭವಿಗಳ ಕೈಗೆ ಕೀ ಬಂದದ್ದು ಯಾವಾಗ ಗೊತ್ತಾ? 2020ರ ಜೂನ್‌ನಲ್ಲಿ. ಲೆಕ್ಕ ಹಾಕಿ, 22 ತಿಂಗಳು! ಎರಡು ಮಳೆಗಾಲದ ನಡುವಿನ ಅಂತರ ಅಲ್ಲ ಇದು, ನಡುವೆ 2019ರಲ್ಲಿ ಇನ್ನೊಂದು ಭೀಕರ ಮಳೆಗಾಲ ಪೂರ್ತಿ ಬಂದು ಹೋಯಿತು.

ಆ ಅವಧಿಗೆ ಸರ್ಕಾರ ತಿಂಗಳಿಗೆ 10,000 ರೂಪಾಯಿ ಬಾಡಿಗೆ ಕೊಟ್ಟಿತು. ಕೆಟ್ಟ ನಿರ್ಧಾರ ಅಲ್ಲ. ಮಡಿಕೇರಿ, ಕುಶಾಲನಗರದಂಥ ಪೇಟೆಯಲ್ಲಿ ಹುಡುಕಿದರೆ ಬಾಡಿಗೆ ಮನೆ ಸಿಗಬಹುದು. ಆದರೆ ತೋಟದ ಕೂಲಿಯವರಿಗೆ ಪೇಟೆಯಲ್ಲಿ ಮನೆ ಸಿಕ್ಕರೆ ಕೆಲಸ ದೂರ, ಮಕ್ಕಳ ಶಾಲೆ ದೂರ. ದುಡ್ಡು ಕೊಟ್ಟ ಮಾತ್ರಕ್ಕೆ ಸೂರು ಹುಟ್ಟಲ್ಲ. ಬಾಡಿಗೆಗೆ ಕೊಡೋಕೆ ಅಲ್ಲೊಂದು ಮನೆ ಇರಬೇಕಲ್ಲ?

ಅದೇ ಬಾಡಿಗೆಯ ಸೂತ್ರವನ್ನು ಉತ್ತರ ಕರ್ನಾಟಕಕ್ಕೆ ಹಚ್ಚಿ ನೋಡಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಒಟ್ಟಿಗೆ ಉಕ್ಕಿದವು. 22 ಜಿಲ್ಲೆ, 103 ತಾಲ್ಲೂಕು ಪ್ರವಾಹಪೀಡಿತ ಅಂತ ಸರ್ಕಾರವೇ ಘೋಷಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ. ಅಲ್ಲೀವರೆಗೆ ತಿಂಗಳಿಗೆ 5,000ದಂತೆ 10 ತಿಂಗಳು ಬಾಡಿಗೆ, ಇಲ್ಲವೇ ತಾತ್ಕಾಲಿಕ ಶೆಡ್ ಹಾಕಿಕೊಳ್ಳೋಕೆ 50,000. ಅಲ್ರೀ, ಹೊಳೆದಂಡೆಯ ಹಳ್ಳಿಯಲ್ಲಿ ಬಾಡಿಗೆ ಮನೆ ಎಲ್ಲಿರುತ್ತೆ? ಇದ್ದ ಊರೇ ನೀರಲ್ಲಿ ನಿಂತಿತ್ತು. ಎತ್ತು, ಎಮ್ಮೆ, ಮೇವಿನ ಬಣವೆ ಕಟ್ಟಿಕೊಂಡು ಬರೋ ರೈತನಿಗೆ ಪೇಟೆಯಲ್ಲಿ ಯಾರು ಮನೆ ಕೊಡ್ತಾರೆ? ಕೊನೆಗೆ ಉಳಿಯೋದು ತಗಡಿನ ಶೆಡ್.

ಈ ತಗಡಿನ ಶೆಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಎಂಜಿನಿಯರಿಂಗ್ ಓದಿದವನು, ಆದರೆ ಇದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ. ಏಪ್ರಿಲ್ ಬಿಸಿಲಲ್ಲಿ ಬಾಗಲಕೋಟೆ ಕಡೆ ನಿಲ್ಲಿಸಿದ ಕಾರಿನ ಮೇಲೆ ಕೈ ಇಟ್ಟು ನೋಡಿ, ಸಾಕು. ಹೊರಗೆ 40 ಡಿಗ್ರಿ ಇದ್ದರೆ ತಗಡಿನ ಒಳಗೆ ಬಾಣಂತಿ, ಹಸುಗೂಸು, ಅಜ್ಜಿ ಹೇಗೆ ಇರಬೇಕು? ಮಳೆಗಾಲದಲ್ಲಿ ಹಾಕಿದ ಶೆಡ್ ಬೇಸಿಗೆಯನ್ನೂ ನೋಡುತ್ತೆ ಅನ್ನೋದು ಯಾಕೆ ನಮ್ಮ ಅಧಿಕಾರಿಗಳಿಗೆ ಹೊಳೆಯಲ್ಲ? ಪರಿಹಾರ ದೊಡ್ಡದೇನಲ್ಲ. ಶೆಡ್ಡನ್ನು ಸ್ವಲ್ಪ ಎತ್ತರಕ್ಕೆ ಎತ್ತಿ. ತಗಡಿನ ಕೆಳಗೆ ಒಂದಡಿ ಗಾಳಿ ಆಡೋಕೆ ಜಾಗ ಬಿಟ್ಟು ಬಿದಿರಿನ ತಟ್ಟಿ ಕಟ್ಟಿ. ಎದುರುಬದುರು ಎರಡು ಗೋಡೆಗೂ ಕಿಟಕಿ ಇಡಿ. ನೆಲವನ್ನು ಒಂದೂವರೆ ಅಡಿ ಎತ್ತರಿಸಿ, ಸುತ್ತ ನೀರು ಹರಿಯೋಕೆ ಕಾಲುವೆ ತೋಡಿ. ಇಷ್ಟು ಮಾಡಿದರೆ ಅದು ಶೆಡ್ ಅಲ್ಲ, ಮನೆ ಆಗೋವರೆಗೆ ಮನುಷ್ಯರು ಬದುಕೋ ಜಾಗ ಆಗುತ್ತೆ.

ಇನ್ನು ಮೊದಲ ಹದಿನೈದು ದಿನದ ಶಾಲೆಗೇ ಬನ್ನಿ. ಮೊದಲು ಇದನ್ನು ಗಂಜಿ ಕೇಂದ್ರ ಅಂತಿದ್ದರು. ಆಮೇಲೆ ಕಾಳಜಿ ಕೇಂದ್ರ ಅಂತ ಹೆಸರು ಬದಲಾಯಿಸಿದರು. ಸಂತೋಷ. ಹೆಸರಿನ ಜೊತೆಗೆ ಒಳಗಿನದ್ದೂ ಬದಲಾಗಬೇಕಲ್ಲ? ಇದಕ್ಕೊಂದು ಕಾನೂನಿದೆ ಸ್ನೇಹಿತರೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಂ ಓದಿ. ಪರಿಹಾರ ಶಿಬಿರದಲ್ಲಿ ಸೂರು, ಊಟ, ಕುಡಿಯುವ ನೀರು, ವೈದ್ಯಕೀಯ ಸೌಲಭ್ಯ, ನೈರ್ಮಲ್ಯ ಇವೆಲ್ಲಕ್ಕೂ ಕನಿಷ್ಠ ಮಟ್ಟ ನಿಗದಿ ಮಾಡಬೇಕು ಅಂತ ಅದು ಹೇಳುತ್ತೆ. ವಿಧವೆಯರು ಮತ್ತು ಅನಾಥರಿಗೆ ವಿಶೇಷ ವ್ಯವಸ್ಥೆ ಬೇಕು ಅನ್ನುತ್ತೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದರಂತೆ ಅಳತೆಯನ್ನೂ ಕೊಟ್ಟಿದೆ. ಒಬ್ಬ ಮನುಷ್ಯನಿಗೆ ಕನಿಷ್ಠ 3.5 ಚದರ ಮೀಟರ್ ಜಾಗ. 30 ಜನಕ್ಕೆ ಒಂದು ಶೌಚಾಲಯ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ.

ಈಗ ಸಣ್ಣ ಗಣಿತ ಮಾಡಿ. 20 ಅಡಿ ಉದ್ದ, 20 ಅಡಿ ಅಗಲದ ಒಂದು ತರಗತಿ ಕೊಠಡಿ ಅಂದರೆ 400 ಚದರ ಅಡಿ. ಸುಮಾರು 37 ಚದರ ಮೀಟರ್. ಅಂದರೆ 10 ಜನ. ಎರಡು ಕುಟುಂಬ ಅಂತಿಟ್ಟುಕೊಳ್ಳಿ. ನೀವು ಟೀವಿಯಲ್ಲಿ ನೋಡೋ ಕೊಠಡಿಗಳಲ್ಲಿ ಎಷ್ಟು ಕುಟುಂಬ ಇರುತ್ತೆ? ಹರೆಯದ ಹೆಣ್ಣುಮಗಳು ಬಟ್ಟೆ ಬದಲಿಸೋದು ಎಲ್ಲಿ? ತಾಯಿ ಮಗುವಿಗೆ ಹಾಲು ಕುಡಿಸೋದು ಎಲ್ಲಿ? ರಾತ್ರಿ ಅಂಗಳ ದಾಟಿ ಕತ್ತಲೆಯಲ್ಲಿ ಹೋಗಬೇಕಲ್ಲ ಅಂತ ಎಷ್ಟು ಹೆಂಗಸರು ಸಂಜೆಯಿಂದಲೇ ನೀರು ಕುಡಿಯೋದು ಬಿಡ್ತಾರೆ? ಇದನ್ನು ಯಾರೂ ಕ್ಯಾಮೆರಾ ಮುಂದೆ ಹೇಳಲ್ಲ.

ಇದು ದುಡ್ಡಿನ ಪ್ರಶ್ನೆಯೇ ಅಲ್ಲ. 2011ರ ಸುನಾಮಿ ಆದಾಗ ಜಪಾನಿನ ವಾಸ್ತುಶಿಲ್ಪಿ ಶಿಗೆರು ಬಾನ್ ಏನು ಮಾಡಿದರು ಗೊತ್ತಾ? ರಟ್ಟಿನ ಕೊಳವೆಗಳನ್ನು ನಿಲ್ಲಿಸಿ, ಬಟ್ಟೆ ಇಳಿಬಿಟ್ಟು, ದೊಡ್ಡ ಹಾಲ್‌ಗಳಲ್ಲಿ ಒಂದೊಂದು ಕುಟುಂಬಕ್ಕೂ ಒಂದೊಂದು ಮರೆ ಕಟ್ಟಿಕೊಟ್ಟರು. ರಟ್ಟು ಮತ್ತು ಬಟ್ಟೆ, ಅಷ್ಟೇ. ನಮ್ಮಲ್ಲಿ ಬಿದಿರಿದೆ, ಸೀರೆ ಇದೆ, ಮದುವೆ ಮನೆಗೆ ಒಂದೇ ರಾತ್ರಿಯಲ್ಲಿ ಚಪ್ಪರ ಹಾಕೋ ಜನ ಇದ್ದಾರೆ. ಇಲ್ಲದಿರೋದು ಮೊದಲೇ ಯೋಚನೆ ಮಾಡೋ ಅಭ್ಯಾಸ.

ಜಪಾನ್ ಅಂದ ಮಾತ್ರಕ್ಕೆ ಅಲ್ಲಿ ಎಲ್ಲವೂ ಸರಿ ಅಂತಲೂ ಅಲ್ಲ. 1995ರಲ್ಲಿ ಕೋಬೆ ಭೂಕಂಪ ಆದಾಗ ಸುಮಾರು 48,000 ತಾತ್ಕಾಲಿಕ ಮನೆ ಕಟ್ಟಿದರು. ವೃದ್ಧರಿಗೆ ಮೊದಲ ಆದ್ಯತೆ ಕೊಟ್ಟು, ಚೀಟಿ ಎತ್ತಿ ಹಂಚಿದರು. ಕೇಳೋಕೆ ಎಷ್ಟು ನ್ಯಾಯ ಅನಿಸುತ್ತೆ ಅಲ್ವಾ? ಆದರೆ ಒಂದೇ ಓಣಿಯವರು ಒಂದೊಂದು ದಿಕ್ಕಿಗೆ ಚೆದುರಿಹೋದರು. ಪಕ್ಕದ ಮನೆಯವರು ಯಾರಂತ ಗೊತ್ತಿಲ್ಲ. ಎಷ್ಟೋ ವೃದ್ಧರು ಆ ಮನೆಗಳಲ್ಲಿ ಒಬ್ಬೊಬ್ಬರೇ ಸತ್ತರು, ಸತ್ತದ್ದೂ ಎಷ್ಟೋ ದಿನ ಯಾರಿಗೂ ತಿಳಿಯಲಿಲ್ಲ. ಸೂರು ಕೊಡೋದು ಅಂದರೆ ಬರೀ ಛಾವಣಿ ಕೊಡೋದಲ್ಲ, ನೆರೆಹೊರೆಯನ್ನೂ ಉಳಿಸಿಕೊಡೋದು ಅನ್ನೋ ಪಾಠ ಅಲ್ಲಿ ಸಿಕ್ಕಿತು.

ದೂರದ ದೇಶ ಬೇಡ ಅಂದರೆ ಒಡಿಶಾ ನೋಡಿ. 1999ರ ಸೂಪರ್ ಸೈಕ್ಲೋನ್‌ನಲ್ಲಿ ಸುಮಾರು 10,000 ಜನ ಸತ್ತರು. ಆಮೇಲೆ ಆ ರಾಜ್ಯ ಕರಾವಳಿಯಲ್ಲಿ 800ಕ್ಕೂ ಹೆಚ್ಚು ಚಂಡಮಾರುತ ಆಶ್ರಯ ಕಟ್ಟಡಗಳನ್ನು ಕಟ್ಟಿತು. ಬೇರೆ ದಿನ ಎಷ್ಟೋ ಕಡೆ ಅವುಗಳಲ್ಲಿ ಶಾಲೆ ನಡೆಯುತ್ತೆ, ಗಾಳಿ ಎದ್ದರೆ ಜನ ಒಳಗೆ. 2019ರ ಫೋನಿ ಚಂಡಮಾರುತದಲ್ಲಿ 12 ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದರು. ಬಡ ರಾಜ್ಯ ಅಂತ ನಾವು ಹೇಳ್ತಿದ್ದ ಒಡಿಶಾ ಇದು. ನಮ್ಮ ಹೊಳೆಗಳಿಗೆ ಎಷ್ಟು ಕ್ಯೂಸೆಕ್ ನೀರು ಬಿಟ್ಟರೆ ಯಾವ ಊರು ಮುಳುಗುತ್ತೆ ಅಂತ ಅಲ್ಲಿನ ಅಜ್ಜಂದಿರೇ ಹೇಳ್ತಾರೆ. ಹಾಗಿದ್ದೂ ಪ್ರತಿ ಸಲ ನಾವು ಹೊಸದಾಗಿ ಗಾಬರಿಯಾಗೋದು ಯಾಕೆ?

ಇನ್ನೊಂದು ವಿಷಯ ಇದೆ, ಇದು ಕಣ್ಣಿಗೆ ಬೀಳಲ್ಲ. ಒಂದು ಮನೆ, ಒಂದೇ ಉತಾರ, ಆದರೆ ಒಳಗೆ ಮೂರು ಒಲೆ. ಅಣ್ಣತಮ್ಮಂದಿರು ಮೂವರು, ಹೆಂಡತಿ ಮಕ್ಕಳು ಸೇರಿ ಹದಿನಾಲ್ಕು ಜನ. ಮನೆ ಬಿದ್ದರೆ ಪರಿಹಾರ ಉತಾರದಲ್ಲಿ ಹೆಸರಿದ್ದವರಿಗೆ. ಉಳಿದ ಎರಡು ಒಲೆ ಎಲ್ಲಿ ಹೊತ್ತಬೇಕು? ಗೋಡೆ ಎಷ್ಟು ಬಿದ್ದಿದೆ ಅಂತ ಎ, ಬಿ, ಸಿ ವರ್ಗ ಮಾಡ್ತಾರೆ. ಒಳಗೆ ಎಷ್ಟು ಕುಟುಂಬ ಬಿದ್ದಿದೆ ಅಂತ ಎಣಿಸೋರು ಯಾರು? ಮನೆಯೇ ಇಲ್ಲದೆ ಊರ ಜಾಗದಲ್ಲಿ ಗುಡಿಸಲು ಹಾಕಿಕೊಂಡವರಂತೂ ಯಾವ ಪಟ್ಟಿಯಲ್ಲೂ ಇರಲ್ಲ.

ಹಾಗಾಗಿ ಸರ್ಕಾರಕ್ಕೆ ಕೇಳೋದು ಇಷ್ಟು. ಮೊದಲನೆಯದು, ಪ್ರವಾಹ, ಭೂಕುಸಿತದ ಭಯ ಇರೋ ಪ್ರತಿ ತಾಲ್ಲೂಕಿನಲ್ಲೂ ಎತ್ತರದ ಜಾಗದಲ್ಲಿ ಒಂದಿಷ್ಟು ಭೂಮಿ ಮೊದಲೇ ಗುರುತಿಸಿಡಿ. ನೀರು, ವಿದ್ಯುತ್, ಶೌಚಾಲಯದ ಸಂಪರ್ಕ ಈಗಲೇ ಕೊಟ್ಟಿಡಿ. ಎರಡನೆಯದು, ಶೆಡ್‌ನ ವಿನ್ಯಾಸ ಮಳೆಗೂ ಬೇಸಿಗೆಗೂ ಹೊಂದುವಂತೆ ಮೊದಲೇ ಸಿದ್ಧವಿರಲಿ, ಪಕ್ಕದಲ್ಲಿ ದನ ಕಟ್ಟೋಕೆ ಜಾಗ ಇರಲಿ. ಮೂರನೆಯದು, ಒಂದೇ ಓಣಿಯವರನ್ನು ಒಟ್ಟಿಗೇ ಇಡಿ. ನಾಲ್ಕನೆಯದು, ಉತಾರ ನೋಡಬೇಡಿ, ಒಲೆ ಎಣಿಸಿ. ಐದನೆಯದು, ಹೊಸ ಮನೆಗೆ ಕೊನೆಯ ದಿನಾಂಕ ಹೇಳಿ. ಅದು ತಪ್ಪಿದರೆ ಯಾರು ಉತ್ತರ ಕೊಡಬೇಕು ಅನ್ನೋದನ್ನೂ ಬರೆದಿಡಿ.

2009ರ ಪ್ರವಾಹದ ಮೇಲೆ ‘ಆಸರೆ’ ಅಂತ ಯೋಜನೆ ಬಂತು. ದಾನಿಗಳು ಕೈಬಿಚ್ಚಿ ಕೊಟ್ಟರು, ಸಾವಿರಾರು ಮನೆ ಎದ್ದವು. ಹೊಲ ದೂರ, ಕೊಟ್ಟಿಗೆಗೆ ಜಾಗ ಇಲ್ಲ ಅಂತ ಎಷ್ಟೋ ಕಡೆ ಜನ ಹಳೇ ಊರಿಗೇ ವಾಪಸ್ ಹೋದರು, ಮನೆಗಳು ಖಾಲಿ ಬಿದ್ದವು. ಕಾರಣ ಸರಳ. ಆ ನಡುವಿನ ಕಾಲದಲ್ಲಿ ಯಾರೂ ಅವರ ಜೊತೆ ಕೂತು ಕೇಳಲಿಲ್ಲ, ನಿಮಗೆ ಎಂಥ ಮನೆ ಬೇಕು ಅಂತ. ಸರಿಯಾದ ತಾತ್ಕಾಲಿಕ ಸೂರು ಕೊಟ್ಟರೆ ಆ ಮಾತುಕತೆಗೆ ಸಮಯ ಸಿಗುತ್ತೆ. ಅವಸರದ ಮನೆಯೂ ತಪ್ಪುತ್ತೆ, ತಗಡಿನ ಕೆಳಗೆ ವರ್ಷಗಟ್ಟಲೆ ಬೇಯೋದೂ ತಪ್ಪುತ್ತೆ.

ಈ ಮಳೆಗಾಲದಲ್ಲೂ ನೀವು ದೋಣಿಯ ದೃಶ್ಯ ನೋಡ್ತೀರಿ, ಹೆಲಿಕಾಪ್ಟರ್ ದೃಶ್ಯ ನೋಡ್ತೀರಿ. ನೋಡಿ. ಆದರೆ ಮೂರು ತಿಂಗಳು ಬಿಟ್ಟು ನಿಮ್ಮ ಶಾಸಕರು ಎದುರು ಸಿಕ್ಕರೆ ಒಂದು ಮಾತು ಕೇಳಿ. ಸಾರ್, ಶಾಲೆ ತೆರೆದ ಮೇಲೆ ಅವರೆಲ್ಲ ಎಲ್ಲಿದ್ದಾರೆ?