ಆಪರೇಷನ್ ಆದವರಿಗೆ ಉಪವಾಸದ ಪಥ್ಯ ಬೇಡ

(ಅರಕಲಗೂಡು ತಾಲ್ಲೂಕಿನ ರೈತರ ಸಭೆಯೊಂದರಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರದ ವಿಷಯ ಹೇಳಬೇಕಾದ ನಾನು ಈ ದಿನ ಊಟದ ವಿಷಯ ಹೇಳಲು ನಿಂತಿದ್ದೇನೆ. ಅದಕ್ಕೆ ಕಾರಣವಿದೆ. ಅಪೆಂಡಿಕ್ಸ್, ಹರ್ನಿಯ, ಸಂತಾನ ನಿಯಂತ್ರಣ ಮುಂತಾದ ಸಣ್ಣ ಆಪರೇಷನ್ ಮಾಡಿಸಿಕೊಂಡು ಊರಿಗೆ ಬಂದವರನ್ನು ಪಥ್ಯದ ಹೆಸರಿನಲ್ಲಿ ವಾರಗಟ್ಟಲೆ ಅರೆಹೊಟ್ಟೆಯಲ್ಲಿ ಇಡುವುದು ನಮ್ಮಲ್ಲಿ ಉಂಟು. ಬೇಳೆ ನಂಜು, ಮೊಟ್ಟೆ ನಂಜು, ಮೊಸರು ಶೀತ ಎಂದು ಎಲ್ಲವನ್ನೂ ಬಿಡಿಸಿ ಬರಿಯ ಅನ್ನ, ಮೆಣಸಿನ ಸಾರು ಬಡಿಸುತ್ತಾರೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಇದರಿಂದ ರೋಗಿ ಸೊರಗುತ್ತಾನೆ, ಗಾಯ ಕೂಡುವುದು ತಡವಾಗುತ್ತದೆ.

ಗಾಯಕ್ಕೆ ನಂಜು ಏರುವುದು ಬೇಳೆಯಿಂದಲ್ಲ, ಕೊಳೆಯಿಂದ. ಆದ್ದರಿಂದ ಕೈ ತೊಳೆದು ಗಾಯ ಮುಟ್ಟಿ. ಬೂದಿ, ಸೊಪ್ಪಿನ ರಸ ಹಚ್ಚಬೇಡಿ.

ನಾಟಿ ಹಾಕಿದ ಪೈರಿಗೆ ಬೇರು ಹಿಡಿಯುವ ತನಕ ತೆಳುವಾಗಿ ನೀರು ನಿಲ್ಲಿಸುತ್ತೀರಿ. ಚೇತರಿಸಿದ ಮೇಲೆ ಮೇಲುಗೊಬ್ಬರ ಕೊಡುತ್ತೀರಿ. ರೋಗಿಯ ಊಟವೂ ಹಾಗೆಯೇ. ಡಾಕ್ಟರು ಬಾಯಿಗೆ ಕೊಡಬಹುದೆಂದ ಮೇಲೆ ಮೊದಲು ಗಂಜಿ, ತಿಳಿಸಾರು, ಎಳನೀರು, ನೀರುಮಜ್ಜಿಗೆ. ಅದು ಒಗ್ಗಿದರೆ ಮೆತ್ತನೆಯ ಅನ್ನ, ಹೆಸರುಬೇಳೆ ತೊವ್ವೆ, ಇಡ್ಲಿ, ಹಾಲು ಬೆರೆಸಿದ ರಾಗಿ ಗಂಜಿ, ಮೊಸರು, ಬೇಯಿಸಿದ ಮೊಟ್ಟೆ. ಒಂದೇ ಸಲ ಹೊಟ್ಟೆ ಬಿರಿಯುವಂತೆ ಉಣ್ಣದೆ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಉಣ್ಣಬೇಕು. ಹಸಿವು ಸರಿಯಾದ ಮೇಲೆ ಮೆತ್ತಗೆ ತೊಳಸಿದ ಸಣ್ಣ ಮುದ್ದೆ ಧಾರಾಳವಾಗಿ ಕೊಡಬಹುದು.

ಗಾಯ ತುಂಬಲು ಬೇಕಾದದ್ದು ಸಸಾರಜನಕ. ನೂರು ಗ್ರಾಂ ರಾಗಿಯಲ್ಲಿ ಅದು ಸುಮಾರು 7 ಗ್ರಾಂ ಇದ್ದರೆ, ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಇರುತ್ತದೆ. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಆದುದರಿಂದ ಮುದ್ದೆಯ ಜೊತೆಗೆ ಗಟ್ಟಿ ಬೇಳೆಸಾರು ಇರಲಿ. ನೆಲ್ಲಿಕಾಯಿ, ನಿಂಬೆ, ಮಾಗಿದ ಸೀಬೆಹಣ್ಣುಗಳಲ್ಲಿರುವ ಸಿ ಜೀವಸತ್ವವೂ ಗಾಯ ಕೂಡಲು ನೆರವಾಗುತ್ತದೆ.

ಮಲಬದ್ಧತೆಯಾಗಿ ಮುಕ್ಕಿದರೆ ಹೊಲಿಗೆಗೆ ಜಗ್ಗು ಬೀಳುತ್ತದೆ. ನೀರು ಚೆನ್ನಾಗಿ ಕುಡಿಯಿರಿ. ಪರಂಗಿಹಣ್ಣು, ಬೆಂದ ಸೊಪ್ಪುಗಳನ್ನು ದಿನದಿನಕ್ಕೆ ಹೆಚ್ಚಿಸುತ್ತಾ ಬನ್ನಿ. ಆಲೂಗೆಡ್ಡೆ ಕೀಳುವ ಕಾಲ ಬಂತೆಂದು ಡಾಕ್ಟರು ಒಪ್ಪುವ ಮುಂಚೆ ಮೂಟೆ ಎತ್ತಬೇಡಿ. ಹೊಗೆಸೊಪ್ಪು ಬೆಳೆಯುವ ತಾಲ್ಲೂಕು ನಮ್ಮದಾದರೂ ಬೀಡಿ, ಸಿಗರೇಟು ಬಿಡಿ. ಹೊಗೆಯಿಂದ ಗಾಯ ಕೂಡುವುದು ನಿಧಾನವಾಗುತ್ತದೆ.

ಸಕ್ಕರೆ ಕಾಯಿಲೆಯವರು, ಕರುಳಿನ ದೊಡ್ಡ ಆಪರೇಷನ್ ಆದವರು ಡಾಕ್ಟರು ಹೇಳಿದ ಕ್ರಮವನ್ನೇ ಅನುಸರಿಸಬೇಕು. ಜ್ವರ, ಬಿಡದ ವಾಂತಿ, ಹೊಟ್ಟೆಯುಬ್ಬರ, ಹೆಚ್ಚುತ್ತಿರುವ ನೋವು, ಗಾಯದಲ್ಲಿ ಕೀವು ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಒಂದು ಮಾತು. ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಉಣ್ಣುವುದು ನಮ್ಮ ತಾಯಂದಿರ ರೂಢಿ. ಆಪರೇಷನ್ ಆದ ಹೆಂಗಸಿಗೆ ಇದು ಸಲ್ಲದು. ಗಾಯ ಮಾಯುವವರೆಗೆ ಮನೆಯ ಮೊದಲ ತಟ್ಟೆ ಆಕೆಯದಾಗಲಿ, ಆ ತಟ್ಟೆಯಲ್ಲಿ ಬೇಳೆಯೂ ಇರಲಿ.