ಒಂದೇ ಕೆರೆ, ಹಲವು ಕೊಕ್ಕು



ತುಂಗಭದ್ರೆಯ ದಂಡೆಯಲ್ಲಿರುವ ಹಲವಾಗಲಿನವರಿಗೆ ನೀರುಹಕ್ಕಿಗಳ ಪರಿಚಯ ಹೇಳಬೇಕಿಲ್ಲ. ಆದರೂ ನಮ್ಮ ವಿಜಯನಗರ ಜಿಲ್ಲೆಯದೇ ಆದ ಅಂಕಸಮುದ್ರ ಕೆರೆಗೆ ಒಮ್ಮೆ ಹೋಗಿಬನ್ನಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಹಿರಿಯರು ನೀರಾವರಿಗೆಂದು ಕಟ್ಟಿದ ಈ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಆಮೇಲೆ ರಾಮ್ಸರ್ ಪಟ್ಟಿಗೂ ಸೇರಿತು.

ಸುಮಾರು 244 ಎಕರೆಯಲ್ಲಿ ಸಾವಿರಾರು ಹಕ್ಕಿಗಳು ಬದುಕುವುದು ಹೇಗೆ? ಕೊಕ್ಕುಗಳನ್ನು ನೋಡಿ. ಬಣ್ಣದ ಕೊಕ್ಕರೆ ಆಳವಿಲ್ಲದ ನೀರಿನಲ್ಲಿ ಕೊಕ್ಕನ್ನು ಅರೆತೆರೆದು ಆಡಿಸುತ್ತದೆ. ಮೀನು ತಗುಲಿದೊಡನೆ ಹಿಡಿಯುತ್ತದೆ. ಬಾಯ್ಕಳಕ ಕೊಕ್ಕರೆ ಚಿಪ್ಪಿನಿಂದ ಬಸವನಹುಳುವನ್ನು ಬಿಡಿಸಿ ತಿನ್ನುತ್ತದೆ. ನೀರುಕಾಗೆ ಮುಳುಗಿ ಬೇಟೆಯಾಡುತ್ತದೆ. ಒಂದರ ಕಸುಬು ಇನ್ನೊಂದಕ್ಕೆ ಬಾರದು. ಜಗಳವೇ ಇಲ್ಲವೆಂದಲ್ಲ, ಗೂಡಿನ ಕಡ್ಡಿಗೂ ಕಚ್ಚಾಡುತ್ತವೆ. ಆದರೆ ಎಲ್ಲವೂ ಒಂದೇ ತುತ್ತಿಗೆ ಮುಗಿಬೀಳುವುದಿಲ್ಲ.

ನೀರುಕಾಗೆ ರೆಕ್ಕೆ ಚಾಚಿ ಬಿಸಿಲಿಗೆ ಕೂತಿರುತ್ತದೆ. ಸೋಮಾರಿ ಎನ್ನುವಿರಾ? ಅದರ ಗರಿ ನೆನೆಯುತ್ತದೆ. ನೆನೆಯುವುದರಿಂದಲೇ ಅದು ಸುಲಭವಾಗಿ ಮುಳುಗಬಲ್ಲದು. ಒಣಗಿಸಿಕೊಳ್ಳುವುದೂ ಅದರ ದುಡಿಮೆಯ ಭಾಗವೇ.

ಕಚೇರಿಯಲ್ಲಿ ಕಡತಗಳನ್ನು ಬೇಗ ಮುಗಿಸಿದವರನ್ನು ಹೊಗಳುತ್ತೇವೆ. ಬಂದ ರೈತನ ಮಾತನ್ನು ಪೂರ್ತಿ ಕೇಳುವ ಗುಮಾಸ್ತನನ್ನು ನಿಧಾನಿ ಎನ್ನುತ್ತೇವೆ. ಮನೆಯಲ್ಲಿ ಅಣ್ಣನ ಅಂಕ ತೋರಿಸಿ ತಮ್ಮನನ್ನು ಹಳಿಯುತ್ತೇವೆ. ನಾನೂ ಹಾಗೆ ಮಾಡಿದವನೇ. ಒಮ್ಮೆ ಆಡಿದ ಅಂಥ ಮಾತು ಮಗುವಿನ ಮನಸ್ಸಿನಿಂದ ಬೇಗ ಅಳಿಯುವುದಿಲ್ಲ.

ಆದ್ದರಿಂದ ನಾಳೆ ಯಾರನ್ನಾದರೂ ಸೋಮಾರಿ ಎನ್ನುವ ಮುನ್ನ, ಅವರ ರೆಕ್ಕೆ ಒದ್ದೆಯಾಗಿದೆಯೇ ಎಂದು ನೋಡೋಣ.