ನೋವಿಲ್ಲ ಎಂದರೆ ರೋಗವಿಲ್ಲ ಎಂದಲ್ಲ

(ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಸಕ್ಕರೆ ಕಾಯಿಲೆಗೆ ಏನು ತಿನ್ನಬೇಕು, ಏನು ಬಿಡಬೇಕು ಎಂಬುದು ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠವಾಗಿದೆ. ಆದ್ದರಿಂದ ಇಂದು, ಈ ಕಾಯಿಲೆ ರೋಗಿಯ ಮನಸ್ಸಿಗೆ ಹೇಗೆ ಕಾಣುತ್ತದೆ ಎಂಬ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮಗೆ ರೋಗವೆಂದರೆ ಜ್ವರವಿದ್ದಂತೆ. ಬರುತ್ತದೆ, ಔಷಧಿಗೆ ಹೋಗುತ್ತದೆ. ನನ್ನ ಬಳಿ ಬರುತ್ತಿದ್ದ ತಾಯಿಯೊಬ್ಬರು ಮೂರು ತಿಂಗಳು ಮಾತ್ರೆ ನುಂಗಿ, ಸುಸ್ತು ಹೋಯಿತೆಂದು ನಿಲ್ಲಿಸಿಬಿಟ್ಟರು. ಕೆಲವು ವರ್ಷಗಳ ನಂತರ ಕಾಲಿನ ಹುಣ್ಣಿನೊಂದಿಗೆ ಬಂದರು. ಕೊಟ್ಟಿಗೆಯಲ್ಲಿ ಬರಿಗಾಲಿಗೆ ಮೊಳೆ ಚುಚ್ಚಿದ್ದು ಅವರಿಗೆ ತಿಳಿದೇ ಇರಲಿಲ್ಲ. ಪಾದದ ನರಗಳು ಸ್ಪರ್ಶ ಕಳೆದುಕೊಂಡಿದ್ದವು. ಒಂದು ಬೆರಳು ತೆಗೆಯಬೇಕಾಯಿತು. ಆ ತಾಯಿ ಅಸಡ್ಡೆಯವರಲ್ಲ. ತೊಂದರೆ ಇಲ್ಲ, ಅಂದಮೇಲೆ ರೋಗವೂ ಇಲ್ಲ ಎಂಬುದು ಅವರ ಲೆಕ್ಕವಾಗಿತ್ತು.

ಆದರೆ ಈ ಲೆಕ್ಕವನ್ನು ನೀವು ಹಸುವಿಗೆ ಹಾಕುವುದಿಲ್ಲ. ಗುಪ್ತ ಕೆಚ್ಚಲು ಬಾವಿನಲ್ಲಿ ಕೆಚ್ಚಲು ಊದಿರುವುದಿಲ್ಲ, ಹಾಲು ನೋಡಲು ಚೆನ್ನಾಗಿಯೇ ಇರುತ್ತದೆ. ಇಳುವರಿ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಸಂಘದಲ್ಲಿ ಯಾರಾದರೂ ಹಾಲಿನ ಬಣ್ಣ ನೋಡಿ ಫ್ಯಾಟ್ ಬರೆದರೆ ನೀವು ಒಪ್ಪುವಿರಾ? ಹಾಗಾದರೆ ನಿಮ್ಮ ರಕ್ತದ ಸಕ್ಕರೆಯನ್ನು ಮೈಯ ಸುಸ್ತಿನಿಂದ ಅಳೆಯುವುದೇಕೆ? ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ 2–3 ತಿಂಗಳ ಸರಾಸರಿಯನ್ನು ತೋರಿಸುತ್ತದೆ. ಹಿಂದಿನ ದಿನ ಮಾಡಿದ ಪಥ್ಯ ಅದರ ಮುಂದೆ ನಡೆಯದು.

"ನಾನು ಸಿಹಿ ಮುಟ್ಟುವುದೇ ಇಲ್ಲ, ನನಗೇಕೆ ಬಂತು?" ಎಂದು ಕೊರಗುವವರಿದ್ದಾರೆ. ವಂಶ, ವಯಸ್ಸು, ಬೊಜ್ಜು ಎಲ್ಲವೂ ಸೇರಿ ಬರುವ ಕಾಯಿಲೆ ಇದು. ಯಾರ ಪಾಪದ ಫಲವೂ ಅಲ್ಲ. "ಮುದ್ದೆ ಎಷ್ಟು ತಿಂದರೂ ಆದೀತು" ಎನ್ನುವವರೂ ಇದ್ದಾರೆ. ರಾಗಿಯಲ್ಲೂ ಪಿಷ್ಟವಿದೆ, ಅದಕ್ಕೂ ಅಳತೆ ಬೇಕು. ಇನ್ಸುಲಿನ್ ಎಂದರೆ ಕಡೆಗಾಲ ಬಂತೆಂದು ಹೆದರುವವರು ಹಲವರು. ದೇಹದಲ್ಲಿ ಸಾಲದೆ ಬಂದದ್ದನ್ನು ಹೊರಗಿನಿಂದ ತುಂಬಿಕೊಡುವುದು ಅಷ್ಟೇ.

ಈ ರೋಗ ಜ್ವರದಂತಲ್ಲ, ಹೈನುಗಾರಿಕೆಯಂತೆ. ಒಂದು ದಿನವೂ ರಜೆಯಿಲ್ಲ, ಆದರೆ ದಿನವೂ ನೋಡಿಕೊಂಡರೆ ಬಾಳು ಸುಸೂತ್ರವಾಗಿ ಸಾಗುತ್ತದೆ.

ಕೊನೆಯದಾಗಿ ಒಂದು ವಿನಂತಿ. ಮಾತ್ರೆ ಬಿಟ್ಟಿದ್ದರೆ ವೈದ್ಯರ ಮುಂದೆ ಬಚ್ಚಿಡಬೇಡಿ. ಏಕೆ ಬಿಟ್ಟಿರಿ ಎಂಬುದನ್ನೂ ಹೇಳಿ. ನಾವು ಬೈದರೂ ಹೇಳಿ. ನಿಮ್ಮ ಮನಸ್ಸಿನಲ್ಲಿರುವುದು ತಿಳಿಯದೆ ನಾವು ಬರೆದುಕೊಡುವ ಚೀಟಿಯಿಂದ ಪ್ರಯೋಜನವಿಲ್ಲ. ನಾಳೆಯಿಂದ ಕೊಟ್ಟಿಗೆಗೆ ಚಪ್ಪಲಿ ಹಾಕಿಕೊಂಡು ಹೋಗಿ. ರಾತ್ರಿ ಹಸುವಿಗೆ ಮೇವು ಹಾಕಿ ಬಂದ ಮೇಲೆ ನಿಮ್ಮ ಪಾದಗಳನ್ನೂ ಒಮ್ಮೆ ನೋಡಿಕೊಳ್ಳಿ.